ಗ್ಯಾಸಿನ ಗುಳಿಗಿಯ ತಿದ್ದುಪಡಿ

ಶಹಾಪುರದ ಆ ಮೆಡಿಕಲ್ ಅಂಗಡಿಯಲ್ಲಿ ನಾವು ಬಾಯಿ ಬಿಟ್ಟು ಕೇಳಬೇಕಾಗಿಯೇ ಇರಲಿಲ್ಲ. ಬೈಕ್ ಸ್ಟ್ಯಾಂಡ್ ಹಾಕುವುದರೊಳಗೆ ಹುಡುಗ ನಾಲ್ಕು ಸ್ಟ್ರಿಪ್ ತೆಗೆದು ಗಾಜಿನ ಮೇಲೆ ಇಟ್ಟಿರುತ್ತಿದ್ದ. ಎರಡು ನಮಗೆ, ಎರಡು ವನದುರ್ಗದಲ್ಲಿರುವ ನಮ್ಮ ಅವ್ವನಿಗೆ. ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕು ಎಂದು ಆ ಸ್ಟ್ರಿಪ್ಪಿನ ಬೆನ್ನ ಮೇಲೆಯೇ ಅಚ್ಚಾಗಿರುತ್ತದೆ. ಅವನು ಕೇಳಲಿಲ್ಲ, ನಾವು ಕೊಡಲಿಲ್ಲ. ‘ಪೇಪರ್‌ನವರಿಗೆ ಚೀಟಿ ಯಾಕ್ರೀ ಸರ್’ ಎಂದು ಒಮ್ಮೆ ನಕ್ಕಿದ್ದ. ಅದು ನಮಗೂ ಒಂದು ಮರ್ಯಾದೆಯಂತೆಯೇ ಕಂಡಿತ್ತು.

ಶುರುವಾದದ್ದು 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ. ಬಿಸಿಲಲ್ಲಿ ಹಗಲೆಲ್ಲಾ ಪ್ರಚಾರ ಸಭೆ, ರಾತ್ರಿ ಸುದ್ದಿ ಕಳಿಸುವ ಹೊತ್ತಿಗೆ ಹತ್ತೂವರೆ. ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ, ಮಿರ್ಚಿ ಭಜಿ, ಮೇಲೊಂದು ಚಹಾ. ಹನ್ನೆರಡಕ್ಕೆ ಹಾಸಿಗೆ. ಒಂದು ರಾತ್ರಿ ನಿದ್ದೆಯಲ್ಲೇ ಗಂಟಲಿಗೆ ಹುಳಿನೀರು ನುಗ್ಗಿ ಕೆಮ್ಮುತ್ತಾ ಎದ್ದು ಕುಳಿತೆವು. ಎದೆಯ ನಡುವೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿ. ಮರುದಿನ ಹಿರಿಯ ವರದಿಗಾರರೊಬ್ಬರು ತಮ್ಮ ಜೇಬಿನಿಂದಲೇ ಒಂದು ಕ್ಯಾಪ್ಸೂಲ್ ಕೊಟ್ಟರು. ‘ಮುಂಜಾನೆ ಖಾಲಿ ಹೊಟ್ಟಿಲೆ ತಗೋರಿ, ಎಲ್ಲಾ ಥಂಡ ಆಗ್ತದ’ ಅಂದರು. ಆಯಿತು. ನಾಲ್ಕು ದಿನದಲ್ಲಿ ಉರಿಯೇ ಇಲ್ಲ. ಎಷ್ಟು ದಿನ ತಗೋಬೇಕು ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಹೀಗೆ ಸುಮಾರು ಎರಡು ಸಾವಿರ ಗುಳಿಗಿ ಹೊಟ್ಟೆಗೆ ಹೋದವು.

ನಮ್ಮ ಊರಿನಲ್ಲಿ ಇದು ಒಬ್ಬರ ಕಥೆಯಲ್ಲ. ವನದುರ್ಗದ ಕೋಟೆ ನೋಡಲು ಹೊರಗಿನವರು ಬಂದರೆ ಸುರಪುರದ ನಾಯಕ ಅರಸರ ಮಾತು ಬರುತ್ತದೆ. ಉಳಿದ ದಿನ ಕಟ್ಟೆಯ ಮೇಲೆ ಬರುವುದು ಹತ್ತಿಯ ರೇಟು, ಕಾಲುವೆ ನೀರು, ಮತ್ತೆ ಈ ಗ್ಯಾಸು. ಎದೆ ಉರಿದರೂ ಗ್ಯಾಸ್, ಹೊಟ್ಟೆ ಉಬ್ಬಿದರೂ ಗ್ಯಾಸ್, ಬೆನ್ನು ಹಿಡಿದರೂ ಗ್ಯಾಸ್. ಯಾರದೋ ಜೇಬಿನಲ್ಲಿ ಒಂದು ಸ್ಟ್ರಿಪ್ ಇದ್ದೇ ಇರುತ್ತದೆ. ಬೀಡಿ ಹಂಚಿಕೊಂಡಂತೆ ಹಂಚಿಕೊಳ್ಳುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಮೈಕೈ ನೋವಿನ ಗುಳಿಗಿ ತಿನ್ನುವವರಂತೂ ಜೊತೆಗೆ ಇದನ್ನೂ ಕಣ್ಣು ಮುಚ್ಚಿ ನುಂಗುತ್ತಾರೆ.

ಅವ್ವನಿಗೆ ಊಟವಾದ ಮೇಲೆ ಹುಳಿತೇಗು ಬರುತ್ತಿತ್ತು. ನಮಗೆ ಹಿಡಿಸಿದ್ದು ಅವಳಿಗೂ ಹಿಡಿಸುತ್ತದೆ ಎಂದು ನಮ್ಮ ಸ್ಟ್ರಿಪ್ಪನ್ನೇ ಕತ್ತರಿಸಿ ಕೊಟ್ಟೆವು. ಅವಳಿಗೆ ಹಿಡಿಸಿತು. ಆ ಮೇಲೆ ತಿಂಗಳಿಗೆ ಎರಡು ಸ್ಟ್ರಿಪ್ ತಪ್ಪದೆ ತಲುಪಿಸುವುದು ಮಗನ ಕರ್ತವ್ಯವಾಯಿತು. ಅವ್ವ ನೆರೆಮನೆಯವರ ಮುಂದೆ, ‘ನನ್ನ ಮಗ ಔಷಧ ತಪ್ಪಿಸಂಗಿಲ್ಲ ನೋಡ್ರಿ’ ಎಂದು ಹೇಳಿಕೊಳ್ಳುತ್ತಿದ್ದಳು.

2023ರ ದೀಪಾವಳಿ ಹೊತ್ತಿಗೆ ಅವ್ವ ಕಾಲು ಜೋಮು ಹಿಡಿಯುತ್ತದೆ ಎನ್ನತೊಡಗಿದಳು. ಚಪ್ಪಲಿ ಕಳಚಿ ಹೋದರೂ ಗೊತ್ತಾಗುವುದಿಲ್ಲ, ಬರಿಗಾಲಲ್ಲೇ ಮುಂದೆ ನಡೆದುಬಿಡುತ್ತಿದ್ದಳು. ಸಕ್ಕರೆ ಕಾಯಿಲೆ ಇದ್ದವಳು, ಅದರದೇ ಇರಬೇಕು ಎಂದುಕೊಂಡೆವು. ಜನವರಿಯಲ್ಲಿ ಕಲಬುರಗಿಗೆ ಕರೆದುಕೊಂಡು ಹೋದೆವು.

ಅಲ್ಲಿನ ವೈದ್ಯರು ಒಂದು ಮಾತು ಹೇಳಿದರು, ‘ಚೀಲದಾಗ ಇರೋ ಎಲ್ಲಾ ಗುಳಿಗಿ ಟೇಬಲ್ ಮ್ಯಾಲ ಸುರೀರಿ.’ ಅವ್ವ ಸುರಿದಳು. ಸಕ್ಕರೆಗೆ ಮೆಟ್‌ಫಾರ್ಮಿನ್, ಮೊಣಕಾಲಿಗೆ ನೋವಿನ ಗುಳಿಗಿ, ಆಮೇಲೆ ನಮ್ಮ ಕ್ಯಾಪ್ಸೂಲ್. ವೈದ್ಯರು ಕ್ಯಾಪ್ಸೂಲ್ ಎತ್ತಿಕೊಂಡು ಕೇಳಿದರು, ‘ಇದನ್ನ ಯಾರು ಬರೆದುಕೊಟ್ಟರು?’

ಅವ್ವ ನಮ್ಮ ಮುಖ ನೋಡಿದಳು. ಮುಖ್ಯಮಂತ್ರಿಗಳ ಪತ್ರಿಕಾಗೋಷ್ಠಿಯಲ್ಲೂ ಎದ್ದು ನಿಂತು ಪ್ರಶ್ನೆ ಕೇಳಿದವರು ನಾವು. ಅಂದು ಬಾಯಿ ಬರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಬಂತು. ವೈದ್ಯರು ಗುಳಿಗಿಯ ಮೇಲೆಯೇ ಎಲ್ಲವನ್ನೂ ಹಾಕಲಿಲ್ಲ, ಅದನ್ನು ಹೇಳಲೇಬೇಕು. ಅವ್ವ ಮಾಂಸ, ಮೊಟ್ಟೆ ತಿನ್ನುವುದಿಲ್ಲ; ಬಿ12 ಸಿಗುವುದೇ ಹಾಲು, ಮೊಸರಿನಿಂದ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ ಬಿ12 ಇಳಿಯುವುದು ಗೊತ್ತಿರುವ ವಿಷಯ. ಆಹಾರಕ್ಕೆ ಅಂಟಿಕೊಂಡಿರುವ ಬಿ12 ಅನ್ನು ಬಿಡಿಸಲು ಹೊಟ್ಟೆಯಲ್ಲಿ ಆಮ್ಲ ಬೇಕು. ಈ ಗುಳಿಗಿ ಆ ಆಮ್ಲವನ್ನೇ ಬಂದ್ ಮಾಡುತ್ತದೆ. ‘ಮೂರು ಕಡೆಯಿಂದ ಹೊಡೆತ ಬಿದ್ದದೆ, ಯಾವುದು ಎಷ್ಟು ಅಂತ ಹೇಳಕ್ಕಾಗಲ್ಲ’ ಅಂದರು. ಜೋಮಿಗೆ ಸಕ್ಕರೆಯ ಪಾಲೂ ಇರಬಹುದು ಎಂದರು. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಅಧ್ಯಯನ ಪ್ರಕಟವಾಗಿತ್ತು. ಬಿ12 ಕೊರತೆ ಇದ್ದವರಲ್ಲಿ 100ಕ್ಕೆ 12 ಮಂದಿ ಇಂಥ ಗುಳಿಗಿಯನ್ನು ಎರಡು ವರ್ಷಕ್ಕಿಂತ ಹೆಚ್ಚು ತಿಂದವರಾಗಿದ್ದರೆ, ಕೊರತೆ ಇಲ್ಲದವರಲ್ಲಿ ಅಂಥವರು 7 ಮಂದಿ. ಆಕಾಶ ಬೀಳುವ ವ್ಯತ್ಯಾಸವಲ್ಲ, ಇಲ್ಲವೆನ್ನುವಂತೆಯೂ ಇಲ್ಲ.

ಇನ್ನೊಂದು ಸಂಗತಿ ನಮಗೆ ಹೆಚ್ಚು ಚುಚ್ಚಿತು. ನಾವು ಆರು ವರ್ಷ ತಿಂದದ್ದು ಒಂದು ಔಷಧವಲ್ಲ, ಎರಡು. ಹೆಸರಿನ ಕೊನೆಗೆ ಇರುವ ‘ಡಿ’ ಅಕ್ಷರವನ್ನು ನಾವು ಯಾವತ್ತೂ ಏನೆಂದು ಕೇಳಿರಲಿಲ್ಲ. ಅದು ಡಾಂಪೆರಿಡೋನ್. ವಾಂತಿ, ಓಕರಿಕೆಗೆ ಕೊಡುವಂಥದ್ದು. ಹೃದಯದ ಬಡಿತದ ಲಯ ತಪ್ಪಿಸಬಹುದು ಎಂಬ ಕಾರಣಕ್ಕೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲೇ ಇದನ್ನು ದಿನಕ್ಕೆ 30 ಮಿಲಿಗ್ರಾಂ ದಾಟಬಾರದು, ಸಾಮಾನ್ಯವಾಗಿ ಒಂದು ವಾರಕ್ಕಿಂತ ಹೆಚ್ಚು ಕೊಡಬಾರದು ಎಂದು ಕಟ್ಟುಪಾಡು ಹಾಕಿದೆ. ಒಂದು ವಾರ ಎಲ್ಲಿ, ಆರು ವರ್ಷ ಎಲ್ಲಿ! ಅರವತ್ತು ದಾಟಿದವರಿಗೆ ಅಪಾಯ ಹೆಚ್ಚು. ಅವ್ವನಿಗೆ ಅರವತ್ತಮೂರು.

ಆ ಸಂಜೆ ವನದುರ್ಗಕ್ಕೆ ಬಂದವರೇ ಸ್ಟ್ರಿಪ್ಪುಗಳನ್ನು ತಿಪ್ಪೆಗೆ ಎಸೆದೆವು. ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟೆಗೆ ಹೋಗಿ ಸುದ್ದಿ ಓದಿದಂತೆ ಓದಿದೆವು: ಗ್ಯಾಸಿನ ಗುಳಿಗಿ ಕಾಲು ಸತ್ತಂಗ ಮಾಡ್ತದ, ಎಲುಬು ಟೊಳ್ಳ ಮಾಡ್ತದ, ಕಿಡ್ನಿ ತಿಂತದ, ನಾಳಿಂದ ಯಾರೂ ಮುಟ್ಟಬ್ಯಾಡ್ರಿ. ಅರ್ಧ ವೈದ್ಯರಿಂದ ಕೇಳಿದ್ದು, ಇನ್ನರ್ಧ ಬಸ್ಸಿನಲ್ಲಿ ಬರುವಾಗ ಮೊಬೈಲ್‌ನಲ್ಲಿ ನೋಡಿದ್ದು. ಪೇಪರ್‌ನವ ಹೇಳಿದ ಮೇಲೆ ಕೇಳಬೇಕೇ, ನಾಲ್ಕೈದು ಮಂದಿ ತಲೆ ಆಡಿಸಿದರು. ಕಟ್ಟೆಯ ತುದಿಯಲ್ಲಿ ನಮ್ಮ ಕಾಕಾ ಕುಳಿತಿದ್ದ. ಅವನು ಏನೂ ಅನ್ನಲಿಲ್ಲ.

ನಮಗೆ ನಾಲ್ಕನೇ ದಿನಕ್ಕೆ ಶುರುವಾಯಿತು. ಮೊದಲು ಯಾವತ್ತೂ ಇಲ್ಲದಂಥ ಉರಿ. ಬರೀ ರೊಟ್ಟಿ, ಬೇಳೆ ಕಟ್ಟು ತಿಂದರೂ ಉರಿ, ನೀರು ಕುಡಿದರೂ ಉರಿ. ರಾತ್ರಿ ಗೋಡೆಗೆ ಒರಗಿ ಕುಳಿತೇ ನಿದ್ದೆ. ಶಹಾಪುರದ ಬೆಟ್ಟದಲ್ಲಿ ಬುದ್ಧ ಹಾಯಾಗಿ ಅಂಗಾತ ಮಲಗಿದ್ದಾನೆ, ಅವನಿಗೆ ಹುಳಿತೇಗಿನ ಕಾಟವಿಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು. ಕಾಯಿಲೆ ಜೋರಾಗಿದೆ, ಗುಳಿಗಿ ಇಲ್ಲದೆ ನಮಗೆ ಬದುಕಿಲ್ಲ ಎಂದು ಖಾತ್ರಿಯಾಯಿತು. ಎಂಟನೇ ದಿನ ಬೇರೆ ಮೆಡಿಕಲ್ ಅಂಗಡಿಗೆ ಹೋಗಿ, ಪರಿಚಯದವರು ಯಾರೂ ನೋಡದಂತೆ, ಅದೇ ಸ್ಟ್ರಿಪ್ ಕೊಂಡೆವು.

ಕಟ್ಟೆಗೆ ಮಾತ್ರ ಈ ಸುದ್ದಿ ಹೋಗಲಿಲ್ಲ. ತಪ್ಪು ಸುದ್ದಿ ಅಚ್ಚಾದರೆ ಮರುದಿನ ತಿದ್ದುಪಡಿ ಹಾಕಬೇಕು ಎಂದು ಡಿಪ್ಲೊಮಾ ಓದುವಾಗ ಕಲಿತಿದ್ದೆವು. ನಮ್ಮದು ಅಚ್ಚಾದ ಸುದ್ದಿ ಅಲ್ಲವಲ್ಲ ಎಂದುಕೊಂಡು ಸುಮ್ಮನಾದೆವು.

ಫೆಬ್ರವರಿ ಎರಡನೇ ವಾರ ಚಿಕ್ಕಮ್ಮನ ಫೋನ್ ಬಂತು. ಕಾಕಾ ಹೊಲದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದಾನೆ. ಮೂರು ದಿನದಿಂದ ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆ, ನಾಚಿಕೆಗೆ ಯಾರಿಗೂ ಹೇಳಿಲ್ಲ. 108ರಲ್ಲಿ ಹಾಕಿಕೊಂಡು ಹೋದರು. ನಾವು ಹಿಂದೆ ಬೈಕಿನಲ್ಲಿ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಹಾಕಿದರು.

ಹಿಂದಿನ ವರ್ಷವೇ ಕಾಕಾನಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿದ್ದರು. ಅದು ಮುಚ್ಚಿಹೋಗದಂತೆ ರಕ್ತ ತೆಳು ಮಾಡುವ ಎರಡು ಗುಳಿಗಿ, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್. ಅವು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು ಎಂದೇ ಹೃದಯದ ವೈದ್ಯರು ಜೊತೆಗೆ ಪ್ಯಾಂಟೊಪ್ರಜೋಲ್ ಬರೆದಿದ್ದರು. ಎದೆಯುರಿಗೆ ಅಲ್ಲ, ಕಾವಲಿಗೆ. ಕಾಕಾ ಹತ್ತಿ ಬಿಡಿಸುವಾಗ ಸೊಂಟ ನೋವಿಗೆ ಇನ್ನೊಂದು ಗುಳಿಗಿ ಬೇರೆ ನುಂಗುತ್ತಿದ್ದ. ಅದನ್ನು ನಿಲ್ಲಿಸಲಿಲ್ಲ, ಕಾವಲನ್ನು ನಿಲ್ಲಿಸಿದ. ಯಾಕೆ ನಿಲ್ಲಿಸಿದಿರಿ ಎಂದು ವೈದ್ಯರು ಕೇಳಿದಾಗ ಕಾಕಾ ನಮ್ಮ ಕಡೆ ಕೈ ತೋರಿಸಲಿಲ್ಲ. ‘ಸಾಕಾಗಿತ್ತರೀ’ ಎಂದು ಸುಮ್ಮನಾದ.

ಗುಳಿಗಿ ಬಿಟ್ಟಿದ್ದರಿಂದಲೇ ಹೀಗಾಯಿತೆಂದು ಖಾತ್ರಿಯಾಗಿ ಹೇಳಲಾಗದು, ನೋವಿನ ಗುಳಿಗಿಯ ಕೆಲಸ ದೊಡ್ಡದು ಎಂದು ವೈದ್ಯರು ನಮಗೆ ಸಮಾಧಾನ ಹೇಳಿದರು. ಆ ಸಮಾಧಾನವನ್ನು ನಾವು ಇನ್ನೂ ಪೂರ್ತಿ ನುಂಗಿಲ್ಲ.

ಆಸ್ಪತ್ರೆಯ ಆ ನಾಲ್ಕು ದಿನದಲ್ಲಿ ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಆರು ವರ್ಷ ಮೊದಲೇ ಕೇಳಬೇಕಿದ್ದ ಪ್ರಶ್ನೆಗಳು.

ಮೊದಲನೆಯದು, ಎದೆ ಉರಿಯುವುದು ಯಾಕೆ. ಅನ್ನನಾಳ ಜಠರಕ್ಕೆ ಸೇರುವ ಜಾಗದಲ್ಲಿ ಸ್ನಾಯುವಿನ ಒಂದು ಬಿಗಿ ಇರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಗೇಟಿನಂತೆ ಅಂದುಕೊಳ್ಳಿ; ಊಟ ಕೆಳಗೆ ಬಿಡಬೇಕು, ಮೇಲಕ್ಕೆ ಬಿಡಬಾರದು. ಆ ಗೇಟು ಸಡಿಲವಾದರೆ ಆಮ್ಲ ಮೇಲೆ ಬರುತ್ತದೆ. ಜಠರದ ಒಳಗೋಡೆಗೆ ಆಮ್ಲ ತಡೆಯುವ ಲೇಪ ಇದೆ, ಅನ್ನನಾಳಕ್ಕೆ ಅಷ್ಟಿಲ್ಲ. ಆದ್ದರಿಂದ ನಮ್ಮಂಥವರಲ್ಲಿ ಆಮ್ಲ ಹೆಚ್ಚಾಗಿದೆ ಎಂದೇನೂ ಅಲ್ಲ, ಅದು ಇರಬಾರದ ಜಾಗಕ್ಕೆ ಬರುತ್ತಿದೆ. ಯಾವ ಗುಳಿಗಿಯೂ ಗೇಟು ರಿಪೇರಿ ಮಾಡುವುದಿಲ್ಲ. ನೀರಿನ ಖಾರ ಕಡಿಮೆ ಮಾಡುತ್ತದೆ, ಅಷ್ಟೆ.

ಎರಡನೆಯದು, ಗುಳಿಗಿಗಳಲ್ಲಿ ಜಾತಿ ಬೇರೆ ಬೇರೆ. ಜೆಲುಸಿಲ್, ಡೈಜೀನ್ ಥರದ್ದು ಇರುವ ಆಮ್ಲವನ್ನು ಸಪ್ಪೆ ಮಾಡುತ್ತವೆ. ಕೆಲವೇ ನಿಮಿಷದಲ್ಲಿ ಆರಾಮ, ಹೊತ್ತು ಕಳೆದರೆ ಮುಗಿಯಿತು. ಎರಡನೇ ಜಾತಿ ರ‍್ಯಾನಿಟಿಡಿನ್, ಫ್ಯಾಮೊಟಿಡಿನ್. ಆಮ್ಲ ಮಾಡು ಎಂದು ಜಠರಕ್ಕೆ ಹೋಗುವ ಸಂದೇಶಗಳಲ್ಲಿ ಒಂದನ್ನು ತಡೆಯುತ್ತವೆ. ರ‍್ಯಾನಿಟಿಡಿನ್‌ನಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಎಂಬ ಕಲ್ಮಶ ಕಂಡದ್ದರಿಂದ 2020ರಲ್ಲಿ ಅಮೆರಿಕ ಮಾರುಕಟ್ಟೆಯಿಂದಲೇ ತೆಗೆಸಿತು. 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದಲೂ ಅದು ಹೊರಬಿತ್ತು. ಈ ಜಾತಿಯನ್ನು ದಿನಾ ತಿಂದರೆ ಒಂದೆರಡು ವಾರದಲ್ಲಿ ದೇಹಕ್ಕೆ ರೂಢಿಯಾಗಿ ಕೆಲಸ ಕಮ್ಮಿಯಾಗುತ್ತದೆ. ಬೇಕಾದಾಗ ಒಂದು ರಾತ್ರಿಗೆ ಒಳ್ಳೆಯದು.

ಮೂರನೇ ಜಾತಿ ನಮ್ಮದು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ‘ಪ್ರಜೋಲ್’ ಎಂದು ಕೊನೆಯಾಗುವವು. ಒಮೆಪ್ರಜೋಲ್ 1988ರಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಜಠರದ ಗೋಡೆಯಲ್ಲಿ ಆಮ್ಲ ಹೊರಹಾಕುವ ಸಣ್ಣ ಸಣ್ಣ ಪಂಪುಗಳಿವೆ. ಇವು ಆ ಪಂಪನ್ನೇ ಸೀಲ್ ಮಾಡುತ್ತವೆ. ಆದರೆ ಓಡುತ್ತಿರುವ ಪಂಪನ್ನು ಮಾತ್ರ. ಊಟ ಬಿದ್ದಾಗ ಪಂಪು ಓಡುತ್ತವೆ. ಅದಕ್ಕೇ ಊಟಕ್ಕೆ ಅರ್ಧ ತಾಸಿನಿಂದ ಒಂದು ತಾಸು ಮೊದಲು ನುಂಗಬೇಕು, ಅಗಿಯಬಾರದು, ಪುಡಿ ಮಾಡಬಾರದು. ನಾವು ಮುಂಜಾನೆ ಆರಕ್ಕೆ ನುಂಗಿ ಹನ್ನೊಂದಕ್ಕೆ ತಿನ್ನುತ್ತಿದ್ದೆವು. ವೈದ್ಯರು ನಕ್ಕರು. ಅರ್ಧ ಗುಳಿಗಿ ಸುಮ್ಮನೆ ಹೋಗಿದೆ ಅಂದರು.

ಮೂರನೆಯ ಪ್ರಶ್ನೆ, ನಿಲ್ಲಿಸಿದಾಗ ನಮಗೆ ಅಷ್ಟು ಉರಿದದ್ದು ಯಾಕೆ. ಇದು ನಮ್ಮನ್ನು ಬೆಚ್ಚಿಬೀಳಿಸಿತು. ಪಂಪು ಸೀಲ್ ಆದಾಗ, ಆಮ್ಲ ಸಾಲದು ಎಂದು ದೇಹ ಒಂದೇ ಸಮ ಕೂಗುತ್ತಿರುತ್ತದೆ. ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಏರುತ್ತದೆ, ಆಮ್ಲ ಮಾಡುವ ವ್ಯವಸ್ಥೆ ಒಳಗೊಳಗೇ ಹಿಗ್ಗುತ್ತದೆ. ಗುಳಿಗಿ ಪಟ್ಟನೆ ಬಿಟ್ಟರೆ ಕಟ್ಟಿಹಾಕಿದ ನೀರು ನುಗ್ಗಿದಂತೆ ಮೊದಲಿಗಿಂತ ಹೆಚ್ಚು ಆಮ್ಲ ಕೆಲವು ವಾರ ಬರುತ್ತದೆ. 2009ರಲ್ಲಿ ಡೆನ್ಮಾರ್ಕಿನ ವೈದ್ಯರು ಎದೆಯುರಿಯೇ ಇಲ್ಲದ 120 ಮಂದಿಯ ಮೇಲೆ ಪರೀಕ್ಷೆ ಮಾಡಿದ್ದರು. ಅರ್ಧ ಮಂದಿಗೆ ಎಂಟು ವಾರ ಇಂಥ ಗುಳಿಗಿ ಕೊಟ್ಟು ನಿಲ್ಲಿಸಿದರು, ಉಳಿದವರಿಗೆ ಹನ್ನೆರಡು ವಾರವೂ ಬರೀ ಹುಸಿ ಗುಳಿಗಿ. ಗುಳಿಗಿ ನಿಲ್ಲಿಸಿದ ಮೇಲೆ ಮೊದಲ ಗುಂಪಿನಲ್ಲಿ 100ಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಬಂತು, ಎರಡನೆಯದರಲ್ಲಿ 15. ಕಾಯಿಲೆಯೇ ಇಲ್ಲದವರಿಗೆ! ಅಂದರೆ ನಾವು ‘ಕಾಯಿಲೆ ಜೋರಾಗಿದೆ’ ಎಂದು ಹೆದರಿ ಮತ್ತೆ ಗುಳಿಗಿ ಕೊಂಡದ್ದು, ಬಹುಶಃ ಗುಳಿಗಿಯ ಉರಿಗೇ ಗುಳಿಗಿ ತಿಂದಂತೆ. ಆರು ವರ್ಷದಲ್ಲಿ ನಡುನಡುವೆ ಒಂದೆರಡು ಸಲ ಬಿಡಲು ನೋಡಿ ಮೂರು ದಿನಕ್ಕೇ ಸೋತದ್ದೂ ಆಗ ಅರ್ಥವಾಯಿತು.

ಕಟ್ಟೆಯ ಮೇಲೆ ನಾವು ಹೇಳಿದ ಎಲುಬು, ಕಿಡ್ನಿಯ ಮಾತು ಏನಾಯಿತು? ಪೂರ್ತಿ ಸುಳ್ಳಲ್ಲ, ಆದರೆ ನಾವು ಹೇಳಿದ ರೀತಿ ತಪ್ಪು. ದೀರ್ಘಕಾಲ ತಿಂದವರಲ್ಲಿ ಎಲುಬು ಮುರಿತ, ಕಿಡ್ನಿ ತೊಂದರೆ ಸ್ವಲ್ಪ ಹೆಚ್ಚು ಕಂಡದ್ದು ದಾಖಲೆ ನೋಡಿ ಮಾಡಿದ ಅಧ್ಯಯನಗಳಲ್ಲಿ. ಮೊದಲೇ ಹೆಚ್ಚು ಕಾಯಿಲೆ ಇದ್ದವರೇ ಹೆಚ್ಚು ಗುಳಿಗಿ ತಿನ್ನುತ್ತಾರೆ, ಆದ್ದರಿಂದ ಯಾವುದರಿಂದ ಯಾವುದು ಎಂದು ಹೇಳುವುದು ಕಷ್ಟ. 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಹೃದಯ, ರಕ್ತನಾಳದ ಕಾಯಿಲೆ ಇದ್ದ 17,598 ಮಂದಿಯಲ್ಲಿ ಕೆಲವರಿಗೆ ದಿನಾ ಪ್ಯಾಂಟೊಪ್ರಜೋಲ್, ಉಳಿದವರಿಗೆ ಹುಸಿ ಗುಳಿಗಿ ಕೊಟ್ಟು ಸುಮಾರು ಮೂರು ವರ್ಷ ನೋಡಿದರು. ಎಲುಬು, ಕಿಡ್ನಿ ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಕರುಳಿನ ಸೋಂಕು ಮಾತ್ರ ತುಸು ಹೆಚ್ಚು, 100ಕ್ಕೆ 1 ಇದ್ದದ್ದು 1.4. ಮೂರು ವರ್ಷದ ಲೆಕ್ಕ ಇದು, ಹತ್ತು ವರ್ಷದ್ದಲ್ಲ. ಬೇಕಾದವರು ಹೆದರಿ ಬಿಡಬಾರದು, ಬೇಡದವರು ಸುಮ್ಮನೆ ತಿನ್ನಬಾರದು. ಬೇಕು-ಬೇಡವನ್ನು ಕಟ್ಟೆ ತೀರ್ಮಾನಿಸಲಾಗದು.

ಯಾರಿಗೆ ಬೇಕೇ ಬೇಕು ಎಂದರೆ, ಕಾಕಾನಂತೆ ಹೊಟ್ಟೆಯ ಕಾವಲಿಗೆ ಬರೆದುಕೊಟ್ಟವರಿಗೆ, ಅವರ ವೈದ್ಯರು ಹೇಳುವಷ್ಟು ದಿನ. ಅನ್ನನಾಳದಲ್ಲಿ ದೊಡ್ಡ ಹುಣ್ಣಾದವರಿಗೆ, ಅದರ ಒಳಪದರವೇ ಬದಲಾದವರಿಗೆ ಅದು ಹಲವು ಸಲ ಜೀವನವಿಡೀ. ಎಂಡೋಸ್ಕೋಪಿ ಮಾಡಿದರೆ ಅನ್ನನಾಳದ ಗಾಯವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಮಾಡುತ್ತಾರೆ. ಸಿ, ಡಿ ಇದ್ದವರು ಬಿಡುವಂತಿಲ್ಲ. ಆರು ವರ್ಷ ತಿಂದಿದ್ದೀರಿ, ಒಮ್ಮೆ ನೋಡಿಬಿಡೋಣ ಎಂದು ನಮ್ಮ ಗಂಟಲಿಗೂ ನಳಿಕೆ ಬಿಟ್ಟರು. ಬಂದದ್ದು ಎ. ಐದು ಮಿಲಿಮೀಟರ್ ಮೀರದ ಗೀರು. ವೈದ್ಯರು ಪರದೆ ತೋರಿಸಿ, ‘ಇದಕ್ಕೆ ಎರಡು ಸಾವಿರ ಗುಳಿಗಿ?’ ಅಂದರು.

ನಮ್ಮಂಥ ಸೌಮ್ಯ ಕಾಯಿಲೆಗೆ ಈಗಿನ ದಾರಿ ಬೇರೆ. ಎಂಟು ವಾರ ಸರಿಯಾಗಿ, ಊಟಕ್ಕೆ ಮೊದಲು, ದಿನಕ್ಕೊಂದು. ಆಮೇಲೆ ಬಿಡಲು ನೋಡಬೇಕು. ಮತ್ತೆ ಬಂದರೆ ಬಂದಾಗ ಕೆಲವು ದಿನ ತಿಂದು ಮತ್ತೆ ಬಿಡುವುದು. ಅದೂ ಸಾಲದವರಿಗೆ ಮಾತ್ರ ದಿನಾ, ಅದೂ ಸಾಲುವಷ್ಟು ಸಣ್ಣ ಡೋಸಿನಲ್ಲಿ, ವರ್ಷಕ್ಕೊಮ್ಮೆ ‘ಇನ್ನೂ ಬೇಕೇ’ ಎಂದು ಕೇಳಿಕೊಂಡು.

ನಮಗೆ ‘ಡಿ’ ತೆಗೆದುಹಾಕಿ ಬರೀ ಪ್ಯಾಂಟೊಪ್ರಜೋಲ್ 40 ಕೊಟ್ಟರು. ಎರಡು ವಾರಕ್ಕೆ ಅದು 20 ಆಯಿತು. ಮುಂದೆ ದಿನ ಬಿಟ್ಟು ದಿನ. ಉರಿ ಬಂದ ರಾತ್ರಿ ಎರಡು ಚಮಚ ಜೆಲುಸಿಲ್, ತಡೆಯದಿದ್ದರೆ ಒಂದು ಫ್ಯಾಮೊಟಿಡಿನ್. ‘ಮೂರನೇ ವಾರ ಬಹಳ ಉರಿತದ, ಅದು ಕಾಯಿಲೆ ಅಲ್ಲ, ಹಳೇ ಸಾಲ ಅಂತ ತಿಳ್ಕೊಂಡು ತಡ್ಕೋರಿ’ ಎಂದು ಮೊದಲೇ ಹೇಳಿದ್ದರು. ಉರಿಯಿತು. ಮೊದಲೇ ಹೇಳಿದ್ದರಿಂದ ತಡೆದೆವು.

ಗುಳಿಗಿಯಷ್ಟೇ ಕೆಲಸ ಮಾಡಿದ್ದು ನಾಲ್ಕು ಇಟ್ಟಿಗೆ. ಮಂಚದ ತಲೆಯ ಕಡೆಯ ಕಾಲಿನ ಕೆಳಗೆ ಎರಡೆರಡು. ತಲೆದಿಂಬು ಏರಿಸಿದರೆ ಸಾಲದು, ಹೊಟ್ಟೆ ಮಡಚಿ ಇನ್ನೂ ಒತ್ತುತ್ತದೆ. ಎದೆಯಿಂದ ಮೇಲಿನ ಇಡೀ ಮೈ ಇಳಿಜಾರಾಗಬೇಕು. ಎಡ ಮಗ್ಗುಲಾಗಿ ಮಲಗುವುದು. ಮನೆಯಾಕೆ ಮೊದಲ ರಾತ್ರಿ ಕಾಲಿನ ಕಡೆ ಜಾರಿ, ‘ಪೇಪರ್‌ನವರ ಮನಿ ಮಂಚಾನೂ ಸೊಟ್ಟ’ ಎಂದು ಬೈದಳು. ರಾತ್ರಿ ಊಟ ಎಂಟಕ್ಕೆ, ಮಲಗುವುದು ಹನ್ನೊಂದಕ್ಕೆ. ಸುದ್ದಿ ಕಳಿಸುವ ಮೊದಲೇ ಉಣ್ಣುವುದು, ಕಳಿಸಿದ ಮೇಲೆ ಅಲ್ಲ. ಇದೊಂದು ಬದಲಾವಣೆ ನಮಗೆ ಎಲ್ಲಕ್ಕಿಂತ ಕಷ್ಟವಾಯಿತು. ಖಾರ ಪೂರ್ತಿ ಬಿಡಲು ಯಾರೂ ಹೇಳಲಿಲ್ಲ, ಯಾರಿಗೆ ಯಾವುದು ಉರಿಸುತ್ತದೋ ಅದನ್ನು ಅವರೇ ಕಂಡುಕೊಳ್ಳಬೇಕಂತೆ. ನಮಗೆ ಶೇಂಗಾ ಹಿಂಡಿ, ಪುಂಡಿಪಲ್ಯ ಏನೂ ಮಾಡುವುದಿಲ್ಲ. ಮಾಡುವುದು ರಾತ್ರಿಯ ಮಿರ್ಚಿ ಭಜಿ ಮತ್ತು ದಿನದ ಒಂಬತ್ತನೇ ಚಹಾ. ಗುಟ್ಕಾ ನಮಗಿಲ್ಲ; ಇದ್ದವರು ಅದನ್ನು ಮೊದಲು ನೋಡಬೇಕು, ತಂಬಾಕು ಆ ಗೇಟನ್ನು ಸಡಿಲಿಸುತ್ತದೆ. ನಾಲ್ಕು ಕೆಜಿ ಇಳಿದದ್ದೂ ನೆರವಾಗಿರಬೇಕು.

ಮೇ 7ರಂದು ಲೋಕಸಭೆ ಚುನಾವಣೆ, ಅದೇ ದಿನ ಸುರಪುರ ವಿಧಾನಸಭಾ ಉಪಚುನಾವಣೆ. ಅದೇ ಬಿಸಿಲು, ಅದೇ ಸಭೆ. ಆ ತಿಂಗಳು ಐದು ಗುಳಿಗಿ ತಿಂದೆವು. ಆಮೇಲಿನ ತಿಂಗಳು ಎರಡು. ಸೋತಂತೆ ಅನಿಸಲಿಲ್ಲ. ಪೂರ್ತಿ ಬಿಡುವುದು ಪಂದ್ಯವಲ್ಲ, ಬೇಕಾದಾಗ ತಗೊಳ್ಳಿ ಎಂದು ವೈದ್ಯರೇ ಹೇಳಿದ್ದಾರೆ.

ಅವ್ವನಿಗೆ ಬಿ12 ಇಂಜೆಕ್ಷನ್ ಆಯಿತು. ಅವಳ ಹುಳಿತೇಗಿಗೆ ದಿನದ ಗುಳಿಗಿ ಬೇಕೇ ಇರಲಿಲ್ಲ. ಮೊಣಕಾಲಿನ ನೋವಿನ ಗುಳಿಗಿ ಕಡಿಮೆಯಾದ ಮೇಲೆ ಅದು ತಾನೇ ಕಡಿಮೆಯಾಯಿತು. ಎಡಗಾಲು ಸರಿಹೋಗಿದೆ. ಬಲಗಾಲಿನ ಹೆಬ್ಬೆರಳಿನ ಕಡೆ ಇನ್ನೂ ಜೋಮು ಇದೆ. ಚಪ್ಪಲಿಗೆ ಹಿಂದೆ ಪಟ್ಟಿ ಇರುವುದನ್ನೇ ತಂದುಕೊಟ್ಟಿದ್ದೇವೆ.

ಒಂದು ಮಾತು ಇಲ್ಲಿ ಬಿಟ್ಟರೆ ಮತ್ತೆ ತಪ್ಪಾಗುತ್ತದೆ. ಕಾಕಾನಿಗೆ ಹಿಂದಿನ ವರ್ಷ ಹೃದಯದ ನೋವು ಬಂದಾಗ ಮನೆಯವರೆಲ್ಲ ‘ಗ್ಯಾಸ್ ಅದ’ ಎಂದು ಸೋಡಾ ಕುಡಿಸಿ ಎರಡು ತಾಸು ಕಳೆದಿದ್ದರು. ಎದೆ ಒತ್ತಿದಂತೆ ಭಾರ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ನಡೆದರೆ ಹೆಚ್ಚಾಗುವ ಉರಿ, ಇವಕ್ಕೆ ಗುಳಿಗಿ ಹುಡುಕುತ್ತಾ ಕೂರಬಾರದು, 108ಕ್ಕೆ ಹಚ್ಚಬೇಕು. ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ಬೆವರು ಇರಬಹುದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಹಾಗೆಯೇ ನುಂಗಿದ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತೆ ಆಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಕಪ್ಪು ಮಲ, ಇವು ಮೆಡಿಕಲ್ ಅಂಗಡಿಯಲ್ಲಿ ಹೇಳಿಕೊಳ್ಳುವ ತೊಂದರೆಗಳಲ್ಲ. ಕಪ್ಪು ಮಲ ಕಬ್ಬಿಣದ ಗುಳಿಗಿ ತಿಂದರೂ ಆಗುತ್ತದೆ. ತಿನ್ನದಿದ್ದರೆ ನಾಚಿಕೆ ಬಿಟ್ಟು ಅಂದೇ ಹೇಳಬೇಕು.

ಕಾಕಾ ಈಗ ಹೊಲಕ್ಕೆ ಹೋಗುತ್ತಾನೆ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ಕಟ್ಟೆಯ ಮೇಲೆ ಎಲ್ಲರೂ ಇದ್ದಾಗ ಕೇಳಿದ, ‘ಏನಪಾ, ಪೇಪರ್‌ನಾಗ ತಪ್ಪ ಬಂದ್ರ ಮರುದಿನ ತಿದ್ದಿ ಹಾಕ್ತೀರಂತ. ನನ್ನ ಹೊಟ್ಟಿದು ಯಾವಾಗ ಹಾಕ್ತಿ?’ ಎಲ್ಲರೂ ನಕ್ಕರು. ನಾವು ಅಂದೇ, ಅಲ್ಲೇ ನಿಂತು, ಎಂಟನೇ ದಿನ ಬೇರೆ ಅಂಗಡಿಯಲ್ಲಿ ಸ್ಟ್ರಿಪ್ ಕೊಂಡದ್ದರಿಂದ ಹಿಡಿದು ಎಲ್ಲ ಹೇಳಿದೆವು. ‘ಹಂಗಾರ ನಾ ಬಿಟ್ಟೀನಲ್ಲೋ, ಮತ್ತ ಶುರು ಮಾಡ್ಲೇನು?’ ಎಂದು ಒಬ್ಬ ಕೇಳಿದ. ಗೊತ್ತಿಲ್ಲಪ್ಪ, ನಿನಗ ಅದನ್ನ ಯಾರು, ಯಾಕ ಬರೆದಿದ್ರು ಅಂತ ಮೊದಲು ತಿಳ್ಕೊ ಅಂದೆವು.

ಹೋದ ವಾರ ಕಾಕಾನ ಔಷಧಕ್ಕೆ ಅದೇ ಮೆಡಿಕಲ್ ಅಂಗಡಿಗೆ ಹೋದೆವು. ಬೈಕ್ ನಿಲ್ಲಿಸುವುದರೊಳಗೆ ಹುಡುಗ ರೂಢಿಯಂತೆ ‘ಡಿ’ ಇರುವ ಸ್ಟ್ರಿಪ್ ತೆಗೆದಿಟ್ಟ. ನಾವು ಚೀಟಿ ಮುಂದೆ ಇಟ್ಟೆವು. ಅವನು ಅದನ್ನು ಎರಡು ಸಲ ಓದಿ, ಒಳಗೆ ಹೋಗಿ ಬೇರೆಯದನ್ನು ಹುಡುಕಿ ತಂದ.